ಘೋಷಣೆಯಿಲ್ಲದ ಯುದ್ಧ: 1937ರ ಚೀನಾ–ಜಪಾನ್ ಪ್ರಕರಣದ ಮರುಪರಿಶೀಲನೆ

ಅಮೆರಿಕ ಕೊನೆಯದಾಗಿ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯ, ಹಂಗೇರಿ, ರುಮೇನಿಯಗಳ ವಿರುದ್ಧ. 1982ರಲ್ಲಿ ಫಾಕ್‌ಲ್ಯಾಂಡ್ಸ್‌ಗಾಗಿ ಕಾದಾಡಿದ ಬ್ರಿಟನ್ ಕೂಡ ಯುದ್ಧ ಸಾರಲಿಲ್ಲ. 1928ರ ಪ್ಯಾರಿಸ್ ಒಪ್ಪಂದವೂ 1945ರ ವಿಶ್ವಸಂಸ್ಥೆಯ ಸನ್ನದೂ ಯುದ್ಧವನ್ನು ನಿಷಿದ್ಧಗೊಳಿಸಿದ್ದೇ ಇದಕ್ಕೆ ಕಾರಣವೆಂಬುದು ರೂಢಿಯ ವಿವರಣೆ. ಘೋಷಿಸದೆ ಕದನಕ್ಕಿಳಿಯುವುದು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲೂ ಸಾಮಾನ್ಯವಾಗಿತ್ತೆಂದು ಬ್ರಿಟಿಷ್ ಸೇನಾಧಿಕಾರಿ ಮಾರಿಸ್ 1883ರಲ್ಲೇ ತೋರಿಸಿದ್ದರಿಂದ ಈ ವಿವರಣೆಯೊಂದೇ ಸಾಲದು.

ರಾಜ್ಯಶಾಸ್ತ್ರಜ್ಞೆ ತನೀಶಾ ಫಝಲ್ 2012ರಲ್ಲಿ ಬೇರೆ ಕಾರಣ ಮುಂದಿಟ್ಟರು: ಯುದ್ಧ ಸಾರಿದ ರಾಷ್ಟ್ರ ಯುದ್ಧನಿಯಮಗಳಿಗೆಲ್ಲ ನಿಸ್ಸಂದಿಗ್ಧವಾಗಿ ಬದ್ಧವಾಗುತ್ತದೆ, ನಿಯಮಗಳು ಬೆಳೆದಂತೆ ಘೋಷಣೆಯೂ ದುಬಾರಿಯಾಯಿತು. ವಾದ ಗಟ್ಟಿಯಾದುದು. ಆದರೆ 1937ರ ಪ್ರಕರಣವನ್ನು ಅದು ಪೂರ್ತಿಯಾಗಿ ವಿವರಿಸಲಾರದು.

ಆ ವರ್ಷದ ಜುಲೈ 7ರಂದು ಮಾರ್ಕೊ ಪೋಲೊ ಸೇತುವೆಯ ಬಳಿ ಗುಂಡಿನ ಕಾಳಗ ಆರಂಭವಾಯಿತು. ಚೀನಾ ಯುದ್ಧ ಸಾರಿದ್ದು 1941ರ ಡಿಸೆಂಬರ್ 9ರಂದು, ಪರ್ಲ್ ಹಾರ್ಬರ್ ದಾಳಿಯ ನಂತರ. ನಡುವಿನ ನಾಲ್ಕು ವರ್ಷಗಳ ಮೌನಕ್ಕೆ ಅಮೆರಿಕದ ತಾಟಸ್ಥ್ಯ ಕಾಯ್ದೆಯೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಯುದ್ಧಸ್ಥಿತಿಯಿದೆಯೆಂದು ಅಧ್ಯಕ್ಷರು ಒಪ್ಪಿದೊಡನೆ ಎರಡೂ ಕಡೆಗೆ ಶಸ್ತ್ರಾಸ್ತ್ರ ಮಾರಾಟ, ಸಾಲ ನಿಲ್ಲಬೇಕಿತ್ತು. ಚೀನಾಕ್ಕೆ ಹೊರಗಿನ ಶಸ್ತ್ರಾಸ್ತ್ರ ಬೇಕಿತ್ತು. ಅಮೆರಿಕದ ತೈಲ, ಗುಜರಿ ಕಬ್ಬಿಣಗಳನ್ನು ನೆಚ್ಚಿದ್ದ ಜಪಾನ್ ಆ ವ್ಯಾಪಾರಕ್ಕೆ ಕುತ್ತು ತಂದುಕೊಳ್ಳಲು ಸಿದ್ಧವಿರಲಿಲ್ಲ. ಯುದ್ಧ ಸಾರಿದ್ದರೆ ಮೂರನೆಯ ದೇಶಗಳ ಹಡಗುಗಳನ್ನೂ ತಡೆದು ಶೋಧಿಸುವ ಹಕ್ಕು ಜಪಾನಿಗೆ ದೊರಕುತ್ತಿತ್ತು. ಅದು ಆ ಹಕ್ಕನ್ನು ಬಿಟ್ಟುಕೊಟ್ಟು ತನ್ನ ನೌಕಾ ದಿಗ್ಬಂಧನವನ್ನು ಚೀನೀ ಹಡಗುಗಳಿಗಷ್ಟೇ ಸೀಮಿತಗೊಳಿಸಿತು. ಇನ್ನು ದಾಳಿಗೊಳಗಾದ ಚೀನಾ ನಿಯಮಗಳ ಹೊರೆ ತಪ್ಪಿಸಿಕೊಳ್ಳಲೆಂದು ಸುಮ್ಮನಿತ್ತೆಂದರೆ ನಂಬುವುದು ಕಷ್ಟ.

ಫಝಲ್ ವಾದಕ್ಕೆ ಅನುಕೂಲವಾದ ಸಾಕ್ಷ್ಯವನ್ನು ಇಲ್ಲಿ ಮರೆಮಾಚಬಾರದು. ಯುದ್ಧನಿಯಮಗಳ ಎಲ್ಲ ವಿಧಿಗಳನ್ನೂ ಚೀನಾದಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಿಲ್ಲವೆಂದು ಜಪಾನಿನ ಸೇನಾ ಸಚಿವಾಲಯ 1937ರ ಆಗಸ್ಟ್‌ನಲ್ಲಿ ಸೂಚನೆ ಹೊರಡಿಸಿತ್ತು. ಚೀನೀ ಯುದ್ಧಕೈದಿಗಳ ಹತ್ಯೆಯ ಹಿನ್ನೆಲೆಯಲ್ಲಿ ಓದಿದರೆ ಆ ಸೂಚನೆಯ ಘೋರತೆ ತಿಳಿಯುತ್ತದೆ. ಘೋಷಣೆಯ ಅಭಾವ ಸೇನೆಗೆ ನೆಪವಾಗಿ ಒದಗಿತೆನ್ನಲು ಇದು ಸಾಕು. ಆದರೆ ಟೋಕಿಯೊ ಸರ್ಕಾರ ಘೋಷಣೆಯ ಸಾಧಕಬಾಧಕಗಳನ್ನು ತೂಗಿನೋಡಿದ್ದು ನವೆಂಬರಿನಲ್ಲಿ. ಆಗ ಭಾರವಾಗಿ ಕಂಡದ್ದು ಅಮೆರಿಕದ ಕಾಯ್ದೆ. ಹಾಗಾಗಿ ನೆಪ ದೊರೆತದ್ದನ್ನೇ ನಿರ್ಧಾರದ ಮೂಲವೆನ್ನುವುದು, ಕನಿಷ್ಠ ಈ ಪ್ರಕರಣದ ಮಟ್ಟಿಗೆ, ಅವಸರದ ತೀರ್ಮಾನವಾದೀತು.

ಒಂದು ಪ್ರಕರಣದಿಂದ ಸಾಮಾನ್ಯ ನಿಯಮ ಹೊರಡದು. ಘೋಷಣೆಯಿರಲಿ ಬಿಡಲಿ, 1949ರ ಜಿನೀವಾ ಒಪ್ಪಂದಗಳು ರಾಷ್ಟ್ರಗಳ ನಡುವಿನ ಸಶಸ್ತ್ರ ಸಂಘರ್ಷಕ್ಕೆಲ್ಲ ಅನ್ವಯಿಸುತ್ತವೆ. ಅಂದಮೇಲೆ ಫಝಲ್ ವಾದ ಆ ನಂತರದ ಕಾಲಕ್ಕೆ ಇನ್ನಷ್ಟು ಆಧಾರ ಕೇಳುತ್ತದೆ. ತಾಟಸ್ಥ್ಯದ ಕಾನೂನೂ ಅಷ್ಟರಲ್ಲಿ ಬಲಗುಂದಿದ್ದರಿಂದ ನನ್ನ ವಾದಕ್ಕೂ ಅದೇ ಮಾತು ಸಲ್ಲುತ್ತದೆ. ಕೊರಿಯಾದಿಂದ ಈಚಿನ ಸಂಘರ್ಷಗಳಲ್ಲಿ ಶಸ್ತ್ರಾಸ್ತ್ರ ಪೂರೈಸಿದ ಮೂರನೆಯ ದೇಶಗಳ ಕಾಯ್ದೆಗಳನ್ನು ಒಂದೊಂದಾಗಿ ಪರಿಶೀಲಿಸುವ ಕೆಲಸ ಉಳಿದಿದೆ.