ಮೂಳೆ, ನೀರು ಮತ್ತು ರಾಗಿ: ಫ್ಲೋರೋಸಿಸ್‌ನ ಕಥೆ

ಫ್ಲೋರೈಡ್ ಹೆಚ್ಚಾಗಿರುವ ಊರಿನ ಶಾಲೆಗೆ ನೀವು ಹೋದರೆ, ಕೆಲವು ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳನ್ನೋ ಕಂದು ಪಟ್ಟೆಗಳನ್ನೋ ಕಾಣಬಹುದು. ಉಜ್ಜಿದರೆ ಅವು ಹೋಗುವುದಿಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕೆಲವು ಹಳ್ಳಿಗಳ ಅಂತರ್ಜಲದಲ್ಲಿಯೂ ಫ್ಲೋರೈಡ್ ಮಿತಿಯನ್ನು ಮೀರಿದೆ. ಈ ಮಚ್ಚೆಯ ಕಾರಣ ತಿಳಿಯಲು ವಿಜ್ಞಾನಿಗಳಿಗೆ ಮೂವತ್ತು ವರ್ಷ ಬೇಕಾಯಿತು.

ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ 1901ರಲ್ಲಿ ಇಂಥ ಹಲ್ಲುಗಳನ್ನು ಗಮನಿಸಿದರು. ಕಾರಣ ನೀರಿನಲ್ಲಿರಬೇಕೆಂಬ ಗುಮಾನಿ ಅವರಿಗಿತ್ತು. ಆದರೆ ಅಂದಿನ ಸಾಮಾನ್ಯ ವಿಶ್ಲೇಷಣೆಗೆ ಏನೂ ಸಿಗಲಿಲ್ಲ. 1931ರಲ್ಲಿ ರಸಾಯನವಿಜ್ಞಾನಿ ಹೆಚ್. ವಿ. ಚರ್ಚಿಲ್ ರೋಹಿತದರ್ಶಕದ ನೆರವಿನಿಂದ ನೀರಿನಲ್ಲಿ ಫ್ಲೋರೈಡನ್ನು ಪತ್ತೆ ಮಾಡಿದರು.

ನಮ್ಮ ದೇಶದ ಸಂಗತಿ ಇನ್ನೂ ಗಂಭೀರವಾಗಿತ್ತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ, ಬೆನ್ನು ಬಗ್ಗಿಸಲಾಗದ, ಕೀಲುಗಳು ಬಿಗಿದುಹೋದ ರೋಗಿಗಳನ್ನು ವರದಿ ಮಾಡಿದರು. ಇಲ್ಲಿ ಕೆಟ್ಟಿದ್ದುದು ಹಲ್ಲಷ್ಟೇ ಅಲ್ಲ, ಇಡೀ ಅಸ್ಥಿಪಂಜರ. ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲವೂ ಆಗ ಅದೇ ಪ್ರಾಂತ್ಯದಲ್ಲಿತ್ತು.

ಫ್ಲೋರೈಡ್ ಮೂಳೆಯನ್ನು ಹೊಗುವುದು ಹೇಗೆ? 1926ರಲ್ಲಿ ಡಿ ಯಾಂಗ್ ಎಂಬ ವಿಜ್ಞಾನಿ ಎಕ್ಸ್-ಕಿರಣ ವಿವರ್ತನೆಯಿಂದ, ಮೂಳೆಯ ಖನಿಜ ಅಪಟೈಟ್ ಗುಂಪಿನ ಸ್ಫಟಿಕವೆಂದು ತೋರಿಸಿದರು. ಅದರಲ್ಲಿ ಕ್ಯಾಲ್ಸಿಯಮ್ ಮತ್ತು ಫಾಸ್ಫೇಟ್‌ಗಳ ಜೊತೆಗೆ ಹೈಡ್ರಾಕ್ಸಿಲ್ ಅಯಾನುಗಳಿವೆ. ಫ್ಲೋರೈಡ್ ಅಯಾನಿನ ಗಾತ್ರ ಹೆಚ್ಚುಕಡಿಮೆ ಹೈಡ್ರಾಕ್ಸಿಲ್‌ನಷ್ಟೇ, ವಿದ್ಯುದಾವೇಶವೂ ಒಂದೇ. ಹಾಗಾಗಿ ಅದರ ಜಾಗದಲ್ಲಿ ಸುಲಭವಾಗಿ ಕೂರುತ್ತದೆ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿನ ಹುಳುಕನ್ನು ತಡೆಯುತ್ತದೆ. ಬಹುಕಾಲ ಅತಿಯಾಗಿ ದೇಹ ಸೇರಿದರೆ ಮೂಳೆ ದಟ್ಟವಾಗಿ ಕಂಡರೂ ಪೆಡಸಾಗುತ್ತದೆ. ಅಸ್ಥಿರಜ್ಜುಗಳಲ್ಲಿ ಸುಣ್ಣಾಂಶ ತುಂಬಿಕೊಳ್ಳುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿಯನ್ನು ವಿಧಿಸಿದೆ; ಬೇರೆ ನೀರು ಸಿಗದಿದ್ದಾಗ ಮಾತ್ರ 1.5 ಮಿಲಿಗ್ರಾಂವರೆಗೆ ವಿನಾಯಿತಿ ಇದೆ.

ಇನ್ನು ಆಹಾರಕ್ಕೆ ಬರೋಣ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು, ಫ್ಲೋರೋಸಿಸ್ ಪ್ರದೇಶದ ಎಳೆಯರಲ್ಲಿ ಮೊಣಕಾಲುಗಳು ಒಳಬಾಗಿ ಒಂದಕ್ಕೊಂದು ತಾಗುವ ರೋಗವನ್ನು ವರದಿ ಮಾಡಿದರು. ಅವರ ಮೂಳೆಗಳಲ್ಲಿ ಖನಿಜಾಂಶವೂ ಕುಗ್ಗಿತ್ತು. ಅವರ ಮುಖ್ಯ ಆಹಾರ ಜೋಳ. ಜೋಳದ ಮಾಲಿಬ್ಡಿನಮ್ ದೇಹದ ತಾಮ್ರವನ್ನು ಹೊರದೂಡಿ ರೋಗಕ್ಕೆ ನೆರವಾಗುತ್ತದೆಯೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಕ್ಯಾಲ್ಸಿಯಮ್ ಕೊರತೆಯಿರುವ ಮಕ್ಕಳಲ್ಲಿ ಫ್ಲೋರೈಡಿನ ಹಾವಳಿ ಹೆಚ್ಚೆಂಬುದನ್ನು ಮುಂದೆ ಟಿಯೋಟಿಯಾ ಮುಂತಾದವರ ದೀರ್ಘಕಾಲದ ಅಧ್ಯಯನಗಳು ತೋರಿಸಿದವು.

ಇದಕ್ಕೆ ಕಾರಣ ಸರಳ. ಕ್ಯಾಲ್ಸಿಯಮ್ ಮತ್ತು ಫ್ಲೋರೈಡ್ ಸೇರಿದರೆ ಸುಲಭವಾಗಿ ಕರಗದ ಕ್ಯಾಲ್ಸಿಯಮ್ ಫ್ಲೋರೈಡ್ ಉಂಟಾಗುತ್ತದೆ. ಕರುಳಿನಲ್ಲಿ ಕ್ಯಾಲ್ಸಿಯಮ್ ಇದ್ದರೆ ಫ್ಲೋರೈಡಿನ ಹೀರಿಕೆ ತಗ್ಗುತ್ತದೆ. ಅದೇ ನಿಯಮ ಭೂಮಿಯೊಳಗೂ ಉಂಟು. ಈ ಲವಣದ ಕರಗುವಿಕೆಯ ಗುಣಲಬ್ಧದಲ್ಲಿ ಫ್ಲೋರೈಡಿನ ಸಾರತೆಯ ವರ್ಗ ಬರುತ್ತದೆ. ಆದ್ದರಿಂದ ನೀರಿನ ಕ್ಯಾಲ್ಸಿಯಮ್ ನಾಲ್ಕನೇ ಒಂದಕ್ಕೆ ಇಳಿದರೆ, ಅದು ಹಿಡಿದಿಟ್ಟುಕೊಳ್ಳಬಲ್ಲ ಫ್ಲೋರೈಡ್ ಎರಡು ಪಟ್ಟಾಗುತ್ತದೆ. ವಿದ್ಯಾರ್ಥಿಗಳಿಂದ ಈ ಲೆಕ್ಕವನ್ನು ಮಾಡಿಸಿ ನೋಡಿ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಕ್ಯಾಲ್ಸಿಯಮ್ ಕಳೆದುಕೊಂಡು, ಕ್ಷಾರೀಯವಾದ ಆಳದ ನೀರು ಹೀಗೆಯೇ ಅಪಾಯಕಾರಿಯಾಗುತ್ತದೆ. ಕೆರೆ, ತೆರೆದ ಬಾವಿ ಬಿಟ್ಟು ಆಳವಾದ ಕೊಳವೆಬಾವಿಗಳನ್ನು ನೆಚ್ಚಿದ ಊರುಗಳು ಇಂಥ ನೀರನ್ನು ಮೇಲೆತ್ತಬೇಕಾಯಿತು.

ಈಗ ಊಟದ ತಟ್ಟೆಯನ್ನು ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಮ್ ಇದೆ. ಜೋಳದಲ್ಲಿ 25, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಬರೀ 10. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಮ್ಮಿನ ಒಂದು ಪಾಲನ್ನು ಹಿಡಿದಿಡುತ್ತದೆ, ನಿಜ. ಮೊಳಕೆ ಕಟ್ಟಿದರೆ ಫೈಟೇಟ್ ತಗ್ಗುತ್ತದೆ. ಮುದ್ದೆಯ ಜೊತೆಗೆ ಮಜ್ಜಿಗೆ, ಸೊಪ್ಪು ಇದ್ದರೆ ಇನ್ನೂ ಒಳ್ಳೆಯದು. ಪಡಿತರದ ಅಕ್ಕಿಯೇ ಮುದ್ದೆಯ ಜಾಗವನ್ನು ಹಿಡಿದ ಮನೆಯಲ್ಲಿ ಏನು ಕಳೆದುಹೋಯಿತೆಂದು ಈ ಅಂಕಿಗಳೇ ಹೇಳುತ್ತವೆ.

ಆದರೆ ಒಂದು ಎಚ್ಚರಿಕೆ. ರಾಗಿ ಫ್ಲೋರೋಸಿಸ್‌ಗೆ ಔಷಧಿಯಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ನಿಜವಾದ ಪರಿಹಾರ ನೀರಿನ ಮೂಲವನ್ನು ಬದಲಿಸುವುದು ಅಥವಾ ಶುದ್ಧೀಕರಿಸುವುದು. ನಾಗಪುರದ ನೀರಿ ಸಂಸ್ಥೆ ಪಟಿಕ ಮತ್ತು ಸುಣ್ಣ ಬಳಸುವ 'ನಲ್ಗೊಂಡ ವಿಧಾನ'ವನ್ನು ರೂಪಿಸಿತು. ಗುಂಡ್ಲುಪೇಟೆಯ ಹಳ್ಳಿಗಳಿಗೆ ಕಬಿನಿ ನದಿಯ ನೀರನ್ನು ಕೊಡುವ ಯೋಜನೆಯ ಮಹತ್ವವನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಮಳೆನೀರಿನ ಸಂಗ್ರಹ ಮತ್ತೊಂದು ದಾರಿ.

ಹಲ್ಲಿನ ಮೇಲೆ ಮೂಡಿದ ಕಲೆ ತಾನಾಗಿ ಮಾಯುವುದಿಲ್ಲ, ಬಿಗಿದ ಬೆನ್ನು ಸಡಿಲವಾಗುವುದಿಲ್ಲ. ಮುಂದಿನ ಮಗುವಿಗೆ ಅದು ಬಾರದಂತೆ ತಡೆಯಬಹುದು. ನಿಮ್ಮ ಶಾಲೆಯ ಕೊಳವೆಬಾವಿಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಕೇಳಿ ನೋಡಿ.