ಮರಳೇ ಹೆದ್ದಾರಿ: ಒರೆಗಾನ್ ಕಡಲತೀರ ಎಲ್ಲರದಾದ ಕಥೆ

ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ ಬೇಸಿಗೆ ಬಂತು ಅಂದ್ರೆ ಈ ದೃಶ್ಯ ಸಾಮಾನ್ಯ. ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರೋ ಆರ್‌ವಿ ಗಾಡಿಯನ್ನು ಕ್ಯಾಂಪಿನಲ್ಲಿ ನಿಲ್ಲಿಸಿ, ಮನೆಮಂದಿಯೆಲ್ಲ ಗಾಳ ಹಿಡಿದು ಕಡಲಿಗೆ ಇಳಿತಾರೆ. ಕ್ಯಾಂಪಿಗೆ ಬಾಡಿಗೆ ಇದೆ, ಮೀನು ಹಿಡಿಯೋಕೆ ಲೈಸೆನ್ಸ್ ಬೇಕು. ಆದರೆ ಮರಳಿನ ಮೇಲೆ ನಿಲ್ಲೋಕೆ ಯಾರ ಅಪ್ಪಣೆಯೂ ಬೇಡ. ಈ ಹಕ್ಕು ಸುಮ್ಮನೆ ಬಂದಿದ್ದಲ್ಲ.

ಆಗೆಲ್ಲ ಅಲ್ಲಿ ಕುದುರೆಗಾಡಿಗಳು ಒದ್ದೆ ಮರಳಿನ ಮೇಲೇ ಓಡಾಡುತ್ತಿದ್ದವು. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಅದನ್ನೇ ಹಿಡಿದು, ತೀರವನ್ನು ಸಾರ್ವಜನಿಕ ಹೆದ್ದಾರಿ ಅಂತ ಘೋಷಿಸುವ ಕಾನೂನು ತಂದರು. ಹೆದ್ದಾರಿಯನ್ನು ಯಾರಾದರೂ ಮಾರೋಕಾಗುತ್ತಾ?

ಆದರೆ ಆ ಕಾನೂನು ಉಬ್ಬರದ ಗೆರೆಗೇ ಮುಗಿಯುತ್ತಿತ್ತು. ಅದರಾಚೆಯ ಒಣ ಮರಳು ಯಾರದ್ದು? 1966ರಲ್ಲಿ ಕ್ಯಾನನ್ ಬೀಚ್‌ನ ಒಂದು ಮೋಟೆಲ್ ಅಲ್ಲಿ ಬೇಲಿ ಹಾಕಿ, ಇದು ನಮ್ಮ ಅತಿಥಿಗಳಿಗೆ ಮಾತ್ರ ಅಂದಿತು. ವಿನ್ನೆಬಾಗೊ ಕಂಪನಿ ಮೋಟಾರ್ ಹೋಮ್ ತಯಾರಿಸೋಕೆ ಶುರು ಮಾಡಿದ್ದೂ ಅದೇ ವರ್ಷ. ಸಾಮಾನ್ಯ ಕುಟುಂಬಗಳು ಗಾಡಿ ಹತ್ತಿ ಹೊರಡೋ ಹೊತ್ತಿಗೇ ಬೇಲಿ ಎದ್ದಿತ್ತು ನೋಡಿ.

ಜನ ಸುಮ್ಮನಿರಲಿಲ್ಲ. 1967ರಲ್ಲಿ ಗವರ್ನರ್ ಟಾಮ್ ಮೆಕಾಲ್ 'ಬೀಚ್ ಬಿಲ್'ಗೆ ಸಹಿ ಹಾಕಿದರು. ಒಣ ಮರಳನ್ನು ಬಳಸುವ ಹಕ್ಕೂ ಜನರದಾಯಿತು. 1969ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬೇಲಿಯ ವಿರುದ್ಧವೇ ತೀರ್ಪು ಕೊಟ್ಟಿತು. ಅದಕ್ಕೆ ಆಧಾರ ಏನು ಗೊತ್ತಾ? ರೂಢಿ. ಬಿಳಿಯರು ಬರುವ ಮೊದಲೇ ಮೂಲನಿವಾಸಿಗಳು ಒದ್ದೆ ಮರಳಲ್ಲಿ ಕಪ್ಪೆಚಿಪ್ಪು ಹೆಕ್ಕಿ, ಒಣ ಮರಳಲ್ಲಿ ಅಡುಗೆಗೆ ಬೆಂಕಿ ಹಚ್ಚುತ್ತಿದ್ದರು ಅನ್ನೋದು ಆ ತೀರ್ಪಿನಲ್ಲೇ ಇದೆ.

ಇವತ್ತು ರಜೆಗೆ ಬರೋ ಕುಟುಂಬ ಮಾಡೋದೂ ಹೆಚ್ಚುಕಡಿಮೆ ಅದನ್ನೇ. ಆದರೆ ಯಾರ ರೂಢಿಯಿಂದ ಈ ತೀರ ಉಳಿಯಿತೋ, ಅವರ ನೆಲವನ್ನು ಉಳಿಸೋಕೆ ಅಂಥ ತೀರ್ಪು ಬರಲಿಲ್ಲ.