ಟಾಕೀಸ್ ಮುಂದಿನ ಜಗಳ, ಕಲಂ 160: ಸಣ್ಣ ಕೇಸು ನಿಜವಾಗ್ಲೂ ಮುಗಿಯುತ್ತಾ?

ದಾವಣಗೆರೆಯ ಶಾಮನೂರಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಹಾಕ್ಕೊಂಡಿದ್ದೀರಿ ಅಲ್ವಾ? ಇವತ್ತಿನ ಕಥೆ ಒಂದು ಫಾರಂನಿಂದ ಶುರು.

ನಮ್ಮ ಸೋದರಮಾವನ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅತ್ತೆ, ಮಾವ ಇಬ್ಬರೂ ಹೊರಟಿದ್ದಾರೆ. ವೀಸಾ ಅರ್ಜಿ ತುಂಬೋ ಕೆಲಸ ನನ್ನ ತಲೆಗೆ ಬಂತು. ಅದರಲ್ಲೊಂದು ಪ್ರಶ್ನೆ ಇದೆ: ನಿಮ್ಮನ್ನ ಯಾವತ್ತಾದ್ರೂ ಬಂಧಿಸಿದ್ದರಾ, ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯಾ? ನಾನು ಯೋಚನೆ ಮಾಡದೆ 'ಇಲ್ಲ' ಒತ್ತೋಕೆ ಹೋದೆ. ಪಕ್ಕದಲ್ಲಿ ಕೂತಿದ್ದ ಮಾವ ಕೆಮ್ಮಿದ್ರು.

"ತಡಿಯಪಾ. ಒಂದ್ಸಲ ಕೋರ್ಟಿಗೆ ಹೋಗಿದ್ದೆ. ಆದ್ರ ಅದು ಅವತ್ತೇ ಮುಗದೈತಿ. ಐವತ್ತ್ ರುಪಾಯಿ ಕಟ್ಟಿ ಬಂದೀನಿ."

1991ರ ಮಾತು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ನಮ್ಮ ಜಿಲ್ಲೆ ಆಗಿದ್ದು 1997ರಲ್ಲಿ. ಸೆಕೆಂಡ್ ಶೋ ಬಿಟ್ಟ ಮೇಲೆ ಟಾಕೀಸ್ ಮುಂದೆ ಮಾವನಿಗೂ ಅವರ ಗೆಳೆಯನಿಗೂ ಕೈ ಕೈ ಮಿಲಾಯಿಸಿತ್ತು. ಬೀಟ್ ಪೊಲೀಸರು ಇಬ್ಬರನ್ನೂ ಹಿಡಿದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ಇಬ್ಬರೂ ರಾಜಿ, ಒಂದೇ ಪೊಟ್ಟಣದಲ್ಲಿ ಮಂಡಕ್ಕಿ ಮಿರ್ಚಿ ತಿಂದರಂತೆ. ಆದರೂ ಕೇಸು ಕೋರ್ಟಿಗೆ ಹೋಯ್ತು. "ತಪ್ಪಾತು ಸ್ವಾಮಿ ಅಂದ್ವಿ, ದಂಡ ಕಟ್ಟಿದ್ವಿ, ಹೊರಗ್ ಬಂದ್ವಿ" ಅಂದರು ಮಾವ.

ನಾನು ಬಿಕಾಂ ಓದಿದವನು, ವಕೀಲ ಅಲ್ಲ. ಆದರೆ 'ಅಕೌಂಟ್ ಕ್ಲೋಸ್ ಆಯ್ತು' ಅಂತ ಯಾರಾದ್ರೂ ಅಂದ್ರೆ, ಯಾವ ಎಂಟ್ರಿ ಹಾಕಿ ಕ್ಲೋಸ್ ಮಾಡಿದ್ರು ಅಂತ ನೋಡೋದು ಅಭ್ಯಾಸ. ಒಬ್ಬ ವಕೀಲರ ಹತ್ತಿರ ಕೂತು ಈ ಸಣ್ಣ ಕೇಸುಗಳ ಇತಿಹಾಸ ಕೆದಕಿದೆ.

ಊರಲ್ಲಿ ಗಲಾಟೆ ಮಾಡಿದವನಿಗೆ ದಂಡ ಹಾಕೋದು ಹೊಸದಲ್ಲ. ನಮ್ಮ ಪಕ್ಕದ ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನ ಇದೆಯಲ್ಲ, 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಆ ಕಾಲದ ಕನ್ನಡ ಶಾಸನಗಳಲ್ಲಿ ತಪ್ಪಿಗೆ ಹಾಕೋ ದಂಡವೂ ಊರಿನ ಆದಾಯದ ಒಂದು ಬಾಬತ್ತು. ಆಮೇಲೂ ಕಟ್ಟೆ ಪಂಚಾಯ್ತಿ, ಗೌಡ, ಶಾನುಭೋಗ, ತಪ್ಪು ಕಾಣಿಕೆ ಇದ್ದವು. ಊರೆಲ್ಲ ನೋಡ್ತಿರುವಾಗ ಮಾನ ಹೋಗೋದು. ಆದರೆ ಆ ಶಿಕ್ಷೆ ಊರಿನ ನೆನಪಲ್ಲಿ ಮಾತ್ರ ಇರ್ತಿತ್ತು, ಊರು ಮರೆತರೆ ಮುಗೀತು.

ಕಾಗದ ಬಂದಿದ್ದು ಬ್ರಿಟಿಷರ ಜೊತೆ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಬರೆಯಿತು, 1860ರಲ್ಲಿ ಅದು ಭಾರತೀಯ ದಂಡ ಸಂಹಿತೆ ಆಯ್ತು, 1862ರ ಜನವರಿ 1ರಿಂದ ಜಾರಿ. ಮೈಸೂರು ಸಂಸ್ಥಾನದಲ್ಲೂ ಅದೇ ಚಾಲ್ತಿಗೆ ಬಂತು. ಅದರಲ್ಲಿ ಬೀದಿ ಗಲಾಟೆಗೆ ಕಲಂ 160: ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ಶಾಂತಿ ಕೆಡಿಸಿದರೆ ಒಂದು ತಿಂಗಳವರೆಗೆ ಜೈಲು ಅಥವಾ 100 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕುಡಿದು ಸಾರ್ವಜನಿಕವಾಗಿ ಕಿರಿಕಿರಿ ಮಾಡಿದರೆ ಕಲಂ 510: 24 ಗಂಟೆವರೆಗೆ ಸಾದಾ ಸಜೆ ಅಥವಾ 10 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹತ್ತು ರೂಪಾಯಿ! 1860ರಲ್ಲಿ ಕೂಲಿಯವನಿಗೆ ಅದು ಒಂದು ತಿಂಗಳ ದುಡಿಮೆಗೆ ಕಮ್ಮಿ ಇರಲಿಲ್ಲ. 2024ರ ಜೂನ್ ಕೊನೆಯವರೆಗೂ ಪುಸ್ತಕದಲ್ಲಿ ಅದೇ ಹತ್ತು ರೂಪಾಯಿ. ನಮ್ಮೂರಲ್ಲಿ ಅದಕ್ಕೆ ಒಂದು ಬೆಣ್ಣೆದೋಸೆ ಇರಲಿ, ಅರ್ಧವೂ ಬರಲ್ಲ. ದಂಡ ಹೀಗೆ ಸವೆದು ಸವೆದು ಚಿಲ್ಲರೆ ಆದಾಗ, ಜನ ಇಡೀ ಕೇಸನ್ನೇ ಚಿಲ್ಲರೆ ಅಂದ್ಕೊಂಡರು. ಮಾವ ಮೋಸ ಹೋಗಿದ್ದು ಇಲ್ಲೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಂಥ ಕೇಸು ಮುಗಿಯೋಕೆ ನಾಲ್ಕು ದಾರಿ ಇವೆ. ನಾಲ್ಕರಲ್ಲೂ ಸಂಜೆ ಮನೆಗೆ ಬರ್ತೀರಿ. ಆದರೆ ಕಾಗದದ ಮೇಲೆ ನಾಲ್ಕೂ ಬೇರೆ ಬೇರೆ.

ಮೊದಲನೇದು ತಪ್ಪೊಪ್ಪಿಗೆ. ಮ್ಯಾಜಿಸ್ಟ್ರೇಟ್ ಆರೋಪ ಓದಿ ಹೇಳಿ 'ಒಪ್ತೀಯಾ?' ಅಂತ ಕೇಳ್ತಾರೆ. 'ತಪ್ಪಾಯ್ತು ಸ್ವಾಮಿ' ಅಂದರೆ ಆರೋಪಿಯ ಮಾತನ್ನ ಆದಷ್ಟು ಹಾಗೇ ಬರೆದುಕೊಂಡು ಶಿಕ್ಷೆ ಕೊಡಬಹುದು. ದಂಡ ಮಾತ್ರ ಇರುವ ಪೆಟ್ಟಿ ಕೇಸಾದರೆ ಖುದ್ದು ಹೋಗದೆ, ಅಂಚೆಯಲ್ಲೇ ತಪ್ಪೊಪ್ಪಿಕೊಂಡು ದುಡ್ಡು ಕಳಿಸೋಕೂ ಕಾನೂನಲ್ಲಿ ಅವಕಾಶ ಇದೆ. ಎಷ್ಟು ಸಲೀಸು ನೋಡಿ. ಆದರೆ ದಂಡ ಅನ್ನೋದು ಫೀಸ್ ಅಲ್ಲ, ಅದು ಶಿಕ್ಷೆ. 50 ರೂಪಾಯಿಯ ದಂಡವೂ ಅಪರಾಧ ಸಾಬೀತಾದ ಲೆಕ್ಕವೇ. ನೀವೇ ಒಪ್ಪಿಕೊಂಡಿದ್ದರಿಂದ ಆಮೇಲೆ ಅಪೀಲಿನ ಬಾಗಿಲೂ ಬಹುತೇಕ ಮುಚ್ಚಿರುತ್ತೆ.

ಎರಡನೇದು ರಾಜಿ. ಏಟು ತಿಂದವನು ಕೋರ್ಟಲ್ಲಿ 'ನಮ್ಮಲ್ಲಿ ರಾಜಿ ಆಗಿದೆ' ಅಂದರೆ, ಕೆಲವು ಕಲಂಗಳಲ್ಲಿ ಅದರ ಪರಿಣಾಮ ನೇರ ಖುಲಾಸೆ. ಸಾದಾ ಗಾಯದ ಹಳೇ ಕಲಂ 323, ಬೈದು ಅವಮಾನ ಮಾಡಿದ್ದಕ್ಕೆ 504, ಇವೆಲ್ಲ ರಾಜಿಗೆ ಬರ್ತವೆ. 160 ಬರಲ್ಲ! ಯಾಕೆ? 160ರಲ್ಲಿ ಇಬ್ಬರೂ ಆರೋಪಿಗಳು. ನೊಂದವರು ಯಾರು ಅಂದರೆ ಊರು. ಊರಿನ ಪರವಾಗಿ ಬಂದು ರಾಜಿಗೆ ಸಹಿ ಹಾಕೋರು ಯಾರು? ಮಾವ ಮತ್ತೆ ಅವರ ಗೆಳೆಯ ಮಿರ್ಚಿ ತಿಂದು ಒಂದಾಗಿದ್ದು ಕಾನೂನಿನ ಲೆಕ್ಕಕ್ಕೇ ಇರಲಿಲ್ಲ. ಅದೇ ಜಗಳಕ್ಕೆ ಪೊಲೀಸರು 323 ಮಾತ್ರ ಬರೆದಿದ್ದರೆ ಮಾವ ಖುಲಾಸೆ. 160 ಬರೆದದ್ದರಿಂದ ಶಿಕ್ಷೆ. ಜಗಳ ಒಂದೇ, ಏಟೂ ಅಷ್ಟೇ. ಎಫ್‌ಐಆರ್‌ನಲ್ಲಿ ಬರೆಯೋ ಒಂದು ನಂಬರು ನಿಮ್ಮ ಹೆಸರಿನ ಮುಂದೆ ಏನು ಉಳಿಯುತ್ತೆ ಅನ್ನೋದನ್ನ ತೀರ್ಮಾನ ಮಾಡ್ತದೆ.

ಮೂರನೇದು ಮುಚ್ಚಳಿಕೆ. ಗಣೇಶನ ಹಬ್ಬ, ಎಲೆಕ್ಷನ್ ಬಂದಾಗ '107 ಹಾಕಿದ್ರು' ಅಂತ ಕೇಳಿರ್ತೀರಿ. ಅದು ಜಡ್ಜ್ ಮುಂದೆ ಹೋಗಲ್ಲ. ದಾವಣಗೆರೆಯಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ, ಹಾಗಾಗಿ ತಹಶೀಲ್ದಾರ್ ತರದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ ಹೋಗ್ತದೆ. ಒಂದು ವರ್ಷದವರೆಗೆ ಶಾಂತಿಯಿಂದ ಇರ್ತೀನಿ ಅಂತ ಬರೆದುಕೊಡಬೇಕು. ಇದು ಶಿಕ್ಷೆ ಅಲ್ಲ, ಮುನ್ನೆಚ್ಚರಿಕೆ.

ನಾಲ್ಕನೇದನ್ನ ಕೇಳೋರೇ ಕಮ್ಮಿ. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ. ಮೊದಲ ಸಲ ಸಿಕ್ಕಿಬಿದ್ದವನಿಗೆ, ಎರಡು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಕೋರ್ಟು ದಂಡದ ಬದಲು ಬರೀ ಬುದ್ಧಿ ಹೇಳಿ ಬಿಡಬಹುದು. ತಪ್ಪು ಮಾಡಿದ್ದು ಹೌದು ಅಂತ ದಾಖಲಾಗ್ತದೆ. ಆದರೆ ಶಿಕ್ಷೆ ಆಯ್ತು ಅನ್ನೋ ಕಾರಣಕ್ಕೆ ಬರೋ ಅನರ್ಹತೆ ಅಂಟೋದಿಲ್ಲ ಅಂತ ಅದೇ ಕಾಯ್ದೆಯ ಕಲಂ 12 ಹೇಳ್ತದೆ. ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳೋದು?

ಇನ್ನೊಂದು ಮಾತು. 'ಎನ್‌ಸಿ ಕೇಸು' ಅಂತಾರಲ್ಲ, ಅಂದರೆ ಪೊಲೀಸರು ತಾವಾಗೇ ತನಿಖೆ ಮಾಡೋಕಾಗದ ಸಣ್ಣ ಕೇಸು. ಕುಡಿದು ಕಿರಿಕಿರಿ, ಬೈಗುಳ ಇದರಲ್ಲಿ ಬರ್ತವೆ. ಮ್ಯಾಜಿಸ್ಟ್ರೇಟ್ ಅನುಮತಿ ಬೇಕೇ ಬೇಕು. ಪೊಲೀಸರ ಪತ್ರದ ಮೇಲೆ ಸುಮ್ಮನೆ 'ಅನುಮತಿಸಿದೆ' ಅಂತ ಬರೆದರೆ ಸಾಲದು, ಯೋಚಿಸಿ ಆದೇಶ ಬರೀಬೇಕು ಅಂತ 2019ರಲ್ಲಿ ನಮ್ಮ ಹೈಕೋರ್ಟಿನ ಕಲಬುರಗಿ ಪೀಠ ಮಾರ್ಗಸೂಚಿ ಕೊಟ್ಟಿತು. ಒಪ್ಪಿಕೊಂಡು ದಂಡ ಕಟ್ಟೋ ಅವಸರದಲ್ಲಿ ಇರೋನು ಆ ಅನುಮತಿ ಪತ್ರ ಎಲ್ಲಿ ಅಂತ ಕೇಳಲ್ಲ.

2024ರ ಜುಲೈ 1ರಿಂದ ಹೊಸ ಕಾನೂನು. 160 ಹೋಗಿ ಭಾರತೀಯ ನ್ಯಾಯ ಸಂಹಿತೆಯ 194 ಬಂತು, ದಂಡ 1000 ರೂಪಾಯಿವರೆಗೆ. 510 ಹೋಗಿ 355 ಬಂತು, ಹತ್ತು ರೂಪಾಯಿ ಇದ್ದದ್ದು ಸಾವಿರ ಆಯ್ತು. ಜೊತೆಗೆ ಸಮುದಾಯ ಸೇವೆ, ಅಂದರೆ ಸಂಬಳ ಇಲ್ಲದೆ ಊರಿಗೆ ಉಪಯೋಗ ಆಗೋ ಕೆಲಸ. ರೀಲ್ಸ್‌ನಲ್ಲಿ ಇದನ್ನ 'ಜೈಲಿಲ್ಲ, ಕಸ ಗುಡಿಸಿದ್ರೆ ಸಾಕು' ಅಂತ ತೋರಿಸ್ತಾರೆ. ಗಮನ ಇಡಿ: ಅದೂ ಶಿಕ್ಷೆಯೇ. ಒಂದು ಒಳ್ಳೇದೂ ಆಗಿದೆ. ಇಂಥ ಕೇಸಲ್ಲಿ ಆರೋಪಕ್ಕೆ ಆಧಾರವೇ ಇಲ್ಲ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಕಾರಣ ಬರೆದು ಶುರುವಲ್ಲೇ ಬಿಡುಗಡೆ ಮಾಡೋಕೆ ಹೊಸ ಪ್ರಕ್ರಿಯಾ ಕಾನೂನಿನ 274ನೇ ಕಲಂ ಜಾಗ ಕೊಟ್ಟಿದೆ.

ಕೆಲಸದ ಅರ್ಜಿ ತುಂಬೋರು ಇದನ್ನ ಕೇಳಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಎಳೇ ವಯಸ್ಸಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನ ಮುಚ್ಚಿಟ್ಟಿದ್ದರೂ ಉದ್ಯೋಗದಾತ ತನ್ನ ವಿವೇಚನೆಯಿಂದ ಅದನ್ನ ಬದಿಗಿಡಬಹುದು. 'ಬಹುದು' ಅಷ್ಟೇ, ಇಡಲೇಬೇಕು ಅಂತಿಲ್ಲ. ಕೇಳಿದ ಮಾಹಿತಿಯನ್ನ ಸರಿಯಾಗಿ ಕೊಡಬೇಕು ಅನ್ನೋದೂ ಅದೇ ತೀರ್ಪಲ್ಲಿದೆ. ಅಂದರೆ ಐವತ್ತು ರೂಪಾಯಿ ಕೇಸಿಗಿಂತ, ಫಾರಂನಲ್ಲಿ ಬರೆದ 'ಇಲ್ಲ' ದುಬಾರಿ ಆಗಬಹುದು.

ಹಾಗಾಗಿ ಸಮನ್ಸ್ ಬಂದರೆ, ಒಪ್ಪಿಕೊಳ್ಳೋ ಮೊದಲು ಮೂರು ಪ್ರಶ್ನೆ ಕೇಳಿ. ಕಲಂ ಯಾವುದು? ಅದು ರಾಜಿಗೆ ಬರುತ್ತಾ? ಪ್ರೊಬೇಷನ್ ಕಾಯ್ದೆ ಅನ್ವಯ ಆಗುತ್ತಾ? ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರೋರು, ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು.

ಮಾವನ ಫಾರಂ? 'ಹೌದು' ಒತ್ತಿದೆವು. ಕೆಳಗಿನ ಜಾಗದಲ್ಲಿ 1991, ಬೀದಿ ಜಗಳ, 50 ರೂಪಾಯಿ ದಂಡ ಅಂತ ನಾಲ್ಕು ಸಾಲು ಬರೆದೆ. ಹಳೇ ಆದೇಶದ ನಕಲಿಗೆ ವಕೀಲರು ಅರ್ಜಿ ಹಾಕಿದ್ದಾರೆ. ಅಮೆರಿಕದ ಕೌಂಟಿ ಕೋರ್ಟುಗಳಲ್ಲೂ ಇಂಥ ಗಲಾಟೆ ಕೇಸುಗಳು ಬಹುಪಾಲು ತಪ್ಪೊಪ್ಪಿಗೆಯಲ್ಲೇ ಮುಗೀತವೆ, ಹಾಗಾಗಿ ಆಫೀಸರಿಗೆ ಅರ್ಥ ಆಗಬಹುದು ಅನ್ನೋದು ನನ್ನ ಆಸೆ. ಅಂದಹಾಗೆ ಆ ವೀಸಾ ಫಾರಂ ಹೆಸರೇನು ಗೊತ್ತಾ? ಡಿಎಸ್-160. ಮಾವ ನೋಡಿ ನಕ್ಕುಬಿಟ್ಟರು. "ಮೂವತ್ತ್ ವರ್ಷ ಆದ್ರೂ ಈ ನಂಬರ್ ನನ್ನ ಬಿಡವಲ್ದಲ್ಲೋ!"

ಇಂಟರ್‌ವ್ಯೂ ಮುಂದಿನ ತಿಂಗಳಿದೆ. ಏನಾಯ್ತು ಅಂತ ಇನ್ನೊಂದು ಎಪಿಸೋಡಲ್ಲಿ ಹೇಳ್ತೀನಿ. ಅಲ್ಲಿವರೆಗೂ ಜಗಳ ಆದ್ರೆ ಮಿರ್ಚಿ ಅಂಗಡಿ ಹತ್ರನೇ ಮುಗಿಸ್ಕೊಳ್ಳಿ.